ಗೃಹಪ್ರವೇಶವೋ, ಗ್ರಹಪ್ರವೇಶವೋ? – ನಾವು ಬರೆಯುವ ಕನ್ನಡದ ಕೆಲವು ಸಾಮಾನ್ಯ ತಪ್ಪುಗಳು



ಹೊಸ ಮನೆಯ ಆಮಂತ್ರಣ ಪತ್ರಿಕೆಗಳಲ್ಲಿ ‘ಗ್ರಹಪ್ರವೇಶ’ ಎಂಬ ಪದವನ್ನು ನಾವೆಲ್ಲರೂ ಒಮ್ಮೆಯಾದರೂ ನೋಡಿರುತ್ತೇವೆ. ಗೃಹ ಎಂದರೆ ಮನೆ. ಗ್ರಹ ಎಂದರೆ ಶನಿ, ರಾಹು, ಕೇತು ಮೊದಲಾದ ನವಗ್ರಹಗಳು. ಗ್ರಹಗಳ ಕಾಟ ಬೇಡವೆಂದು ಗ್ರಹಶಾಂತಿ ಮಾಡಿಸಿ, ಪತ್ರಿಕೆಯಲ್ಲಿ ಮಾತ್ರ ‘ಗ್ರಹಪ್ರವೇಶ’ ಎಂದು ಅಚ್ಚು ಹಾಕಿಸಿದರೆ ಶನಿಮಹಾರಾಜನನ್ನು ನಾವೇ ಬಾಗಿಲು ತೆರೆದು ಒಳಗೆ ಕರೆದಂತಾಗುತ್ತದೆ! ಇದನ್ನು ಓದಿದವರಲ್ಲಿ ಕೆಲವರು ನಗುತ್ತಾರೆ, ಕೆಲವರಿಗೆ ಕಿರಿಕಿರಿಯಾಗುತ್ತದೆ, ಇನ್ನು ಕೆಲವರು ಗಮನಿಸುವುದೇ ಇಲ್ಲ. ಈ ಮೂರನೆಯ ಗುಂಪಿನಲ್ಲಿ ನಮ್ಮ ಮಕ್ಕಳೂ ಇದ್ದಾರೆ ಎಂಬುದೇ ನಿಜವಾಗಿ ಯೋಚಿಸಬೇಕಾದ ವಿಷಯ.

ಊರಿನಲ್ಲಾದರೆ ಮಗುವಿನ ಕಣ್ಣಿಗೆ ದಿನಕ್ಕೆ ನೂರು ಕಡೆ ಕನ್ನಡ ಬೀಳುತ್ತದೆ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ದಿನಪತ್ರಿಕೆ, ಶಾಲೆಯ ಪುಸ್ತಕ – ಒಂದು ಕಡೆ ತಪ್ಪು ಕಂಡರೆ ಹತ್ತು ಕಡೆ ಸರಿಯಾದದ್ದು ಕಾಣುತ್ತದೆ. ತಪ್ಪು ತಾನಾಗಿ ಅಳಿಸಿಹೋಗುತ್ತದೆ. ದುಬೈ, ಅಬುಧಾಬಿಗಳಲ್ಲಿ ಹಾಗಲ್ಲ. ಇಲ್ಲಿ ರಸ್ತೆಯ ಫಲಕ ಅರಬ್ಬೀ ಮತ್ತು ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಇಂಗ್ಲಿಷ್, ಅರಬ್ಬೀ, ಹಿಂದಿ. ಮಗು ನೋಡುವ ಕನ್ನಡ ಅಕ್ಷರಗಳೆಂದರೆ ವಾರಾಂತ್ಯದ ಕನ್ನಡ ತರಗತಿಯ ಪುಸ್ತಕ, ಹಬ್ಬದ ಬ್ಯಾನರು, ಪೂಜೆಯ ಕರಪತ್ರ ಮತ್ತು ಅಪ್ಪ ಅಮ್ಮಂದಿರ ವಾಟ್ಸಾಪ್ ಶುಭಾಶಯ. ಅಂದರೆ ಇಲ್ಲಿ ನಾವು ಬರೆದದ್ದೇ ಮಕ್ಕಳ ಪಠ್ಯಪುಸ್ತಕ. ನಾವು ‘ಶುಭಾಷಯ’ ಎಂದು ಬರೆದರೆ ಅವರ ಪಾಲಿಗೆ ಅದೇ ಸರಿ. ಅದನ್ನು ಅಳಿಸಲು ಬೇರೆ ಬೋರ್ಡು ಇಲ್ಲ.

ಆದ್ದರಿಂದ ಈ ಸಂಚಿಕೆಯಲ್ಲಿ ಒಂದು ಚಿಕ್ಕ ಪಾಠ. ವ್ಯಾಕರಣದ ದೊಡ್ಡ ಸೂತ್ರಗಳು ಬೇಡ. ನಾವು ಪದೇ ಪದೇ ಬರೆಯುವ ಪದಗಳು, ಅವುಗಳಲ್ಲಿ ಆಗುವ ತಪ್ಪುಗಳು, ನೆನಪಿಡಲು ಸುಲಭವಾದ ದಾರಿಗಳು – ಇಷ್ಟನ್ನು ನೋಡೋಣ. ಕೊನೆಯಲ್ಲಿ ಮನೆಮಂದಿಯೆಲ್ಲ ಕೂತು ಮಾಡಬಹುದಾದ ಒಂದು ಅಭ್ಯಾಸವೂ ಇದೆ.

ಒಂದು ಅಕ್ಷರದ ಬೆಲೆ

ಒಂದು ಅಕ್ಷರದಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕುಂಭಕರ್ಣನ ಜನಪ್ರಿಯ ಕಥೆಯೇ ಉತ್ತರ. ಬ್ರಹ್ಮನಲ್ಲಿ ‘ಇಂದ್ರಾಸನ’ ಬೇಡಲು ಹೋದವನು, ಸರಸ್ವತಿ ನಾಲಿಗೆಯ ಮೇಲೆ ಕುಳಿತ ಕಾರಣ ‘ನಿದ್ರಾಸನ’ ಎಂದುಬಿಟ್ಟನಂತೆ. ಮುಂದಿನದು ಎಲ್ಲರಿಗೂ ಗೊತ್ತು. ನಮ್ಮ ಹಿರಿಯರು ಸಂಸ್ಕೃತ ಕಲಿಸುವಾಗಲೂ ಇದೇ ಎಚ್ಚರಿಕೆ ಕೊಡುತ್ತಿದ್ದರು: ‘ಸ್ವಜನ’ ಎಂದರೆ ನಮ್ಮವರು, ‘ಶ್ವಜನ’ ಎಂದರೆ ನಾಯಿಗಳು; ‘ಸಕಲ’ ಎಂದರೆ ಎಲ್ಲ, ‘ಶಕಲ’ ಎಂದರೆ ತುಂಡು. ‘ಶಂಕರ’ನನ್ನು ‘ಸಂಕರ’ ಎಂದರೆ ಮಂಗಳವನ್ನುಂಟುಮಾಡುವ ಶಿವನು ಹೋಗಿ ಬೆರಕೆ ಎಂಬ ಅರ್ಥ ಬರುತ್ತದೆ.

ಇದು ನಮ್ಮ ಭಾಷೆಗೆ ಮಾತ್ರ ಬಂದ ಕಷ್ಟವೇನಲ್ಲ. ಇಲ್ಲಿ ಶಾಲೆಗೆ ಹೋಗುವ ನಿಮ್ಮ ಮಕ್ಕಳನ್ನೇ ಕೇಳಿ ನೋಡಿ. ಅರಬ್ಬಿಯಲ್ಲಿ ಎರಡು ‘ಕ’ಗಳಿವೆ. ಗಂಟಲಿನ ಆಳದಿಂದ ಬರುವ ‘ಕ’ ಹಾಕಿ ‘ಕಲ್ಬ್’ ಎಂದರೆ ಹೃದಯ. ನಮ್ಮ ಮಾಮೂಲಿ ‘ಕ’ ಹಾಕಿ ‘ಕಲ್ಬ್’ ಎಂದರೆ ನಾಯಿ. ಸ್ವಜನ–ಶ್ವಜನದ ಹಾಗೆ ಇಲ್ಲಿಯೂ ಅಕ್ಷರ ತಪ್ಪಿದರೆ ಬಂದು ನಿಲ್ಲುವುದು ನಾಯಿಯೇ! ಅರಬ್ಬೀ ತರಗತಿಯಲ್ಲಿ ಈ ವ್ಯತ್ಯಾಸವನ್ನು ಕಲಿಯುವ ಮಕ್ಕಳಿಗೆ ಕನ್ನಡದ ಲ–ಳ, ಸ–ಶ ಖಂಡಿತ ಕಷ್ಟವಲ್ಲ. ನಾವು ಒಮ್ಮೆ ತೋರಿಸಿಕೊಡಬೇಕು, ಅಷ್ಟೆ.

ಮಹಾಪ್ರಾಣ: ಎಲ್ಲಿ ಬೇಕು, ಎಲ್ಲಿ ಬೇಡ

ಕನ್ನಡ ವರ್ಣಮಾಲೆಯ 49 ಅಕ್ಷರಗಳಲ್ಲಿ ಖ, ಘ, ಛ, ಝ, ಠ, ಢ, ಥ, ಧ, ಫ, ಭ – ಈ 10 ಮಹಾಪ್ರಾಣಗಳು. ನಮ್ಮ ತಪ್ಪುಗಳಲ್ಲಿ ದೊಡ್ಡ ಪಾಲು ಇವುಗಳದೇ. ಕೆಲವರು ಹಾಕಬೇಕಾದಲ್ಲಿ ಹಾಕುವುದಿಲ್ಲ. ಕೆಲವರು ಗೌರವ ಹೆಚ್ಚಲಿ ಎಂಬಂತೆ ಎಲ್ಲ ಕಡೆಯೂ ಹಾಕುತ್ತಾರೆ. ಎರಡರಿಂದಲೂ ಅರ್ಥ ಕೆಡುತ್ತದೆ.

‘ಧನ’ ಎಂದರೆ ಹಣ, ‘ದನ’ ಎಂದರೆ ಹಸು-ಎತ್ತು. ‘ದನಸಹಾಯ ಮಾಡಿದ ದಾನಿಗಳಿಗೆ ವಂದನೆ’ ಎಂದು ಬರೆದರೆ ದಾನಿಗಳು ಗೋದಾನ ಮಾಡಿದರೆಂದು ಓದುಗರು ತಿಳಿಯಬಹುದು. ‘ಮಧ್ಯ’ ಎಂದರೆ ನಡುವೆ, ‘ಮದ್ಯ’ ಎಂದರೆ ಹೆಂಡ. ‘ಕಾರ್ಯಕ್ರಮದ ಮದ್ಯದಲ್ಲಿ ಪ್ರಸಾದ ವಿತರಣೆ’ ಎಂಬುದು ದೇವರ ಕಾರ್ಯಕ್ಕೆ ಹೊಂದುವ ಮಾತಲ್ಲ.

ನೆನಪಿಡಲು ಮೂರು ದಾರಿಗಳಿವೆ.

1. ದ ಮತ್ತು ಧ ಒಟ್ಟಿಗೆ ಬಂದಾಗ ಮೇಲಿರುವುದು ಯಾವಾಗಲೂ ದ, ಕೆಳಗಿನ ಒತ್ತು ಧ. ಶುದ್ಧ, ಸಿದ್ಧಿ, ಬುದ್ಧಿ, ಶ್ರದ್ಧೆ, ಪದ್ಧತಿ, ಪ್ರಸಿದ್ಧ – ಎಲ್ಲವೂ ಹೀಗೆಯೇ. ‘ಶ್ರಧ್ದೆ’, ‘ಶುಧ್ದ’ ಎಂಬ ರೂಪಗಳು ಇಲ್ಲವೇ ಇಲ್ಲ. ಉಸಿರನ್ನು ಮೊದಲು ಹಿಡಿದು ನಂತರ ಬಿಡುತ್ತೇವೆ, ಬರವಣಿಗೆಯೂ ಅದೇ ಕ್ರಮದಲ್ಲಿರುತ್ತದೆ.

2. ‘ವಿದ್ಯೆ’ಯ ಬಳಗಕ್ಕೆ ಮಹಾಪ್ರಾಣ ಇಲ್ಲ: ವಿದ್ಯಾರ್ಥಿ, ವಿದ್ಯಾಲಯ, ವಿದ್ವಾಂಸ. ಹಾಗೆಯೇ ನೈವೇದ್ಯ, ವೈದ್ಯ, ಉದ್ಯೋಗ, ಪ್ರಸಾದ, ಹಾರ್ದಿಕ. ‘ವಿಧ್ಯಾರ್ಥಿ’, ‘ನೈವೇಧ್ಯ’, ‘ಪ್ರಸಾಧ’, ‘ಹಾರ್ಧಿಕ’ ತಪ್ಪು. ಹಾರ್ದಿಕ ಬಂದದ್ದು ಹೃದಯದಿಂದ. ಹೃದಯದಲ್ಲಿ ಧ ಇಲ್ಲ, ಹಾರ್ದಿಕದಲ್ಲೂ ಇಲ್ಲ. ಇನ್ನೊಂದು ಕಡೆ ಅಧ್ಯಕ್ಷ, ಅಧ್ಯಾಯ, ಧ್ಯಾನ, ಸಂಧ್ಯಾವಂದನೆ, ಆರಾಧನೆ, ಧನ್ಯವಾದ – ಇಲ್ಲೆಲ್ಲ ಧ ಬೇಕೇ ಬೇಕು. ‘ಅದ್ಯಕ್ಷ’ರನ್ನು ವೇದಿಕೆಗೆ ಕರೆದು ‘ದನ್ಯವಾದ’ ಹೇಳುವುದು ಬೇಡ.

3. ಅಚ್ಚಗನ್ನಡ ಪದಗಳಿಗೆ ಸಾಮಾನ್ಯವಾಗಿ ಮಹಾಪ್ರಾಣ ಬೇಕಾಗಿಲ್ಲ. ದೊಡ್ಡ, ದಾರಿ, ಬಾಗಿಲು, ಕಲ್ಲು, ತಂದೆ, ಬೆಳಕು – ಇವುಗಳ ಮೇಲೆ ಒತ್ತಡ ಹಾಕದೆ ಹಗುರವಾಗಿ ಬರೆಯಿರಿ.

ಚ ಮತ್ತು ಛ ಕುರಿತು ಒಂದು ಮಾತು. ‘ಉಚ್ಚಾರಣೆ’ ಸರಿ, ‘ಉಚ್ಛಾರಣೆ’ ತಪ್ಪು. ‘ಸ್ವಚ್ಛ’ ಸರಿ, ‘ಸ್ವಚ್ಚ’ ತಪ್ಪು. ಉಚ್ಚಾರಣೆಯ ಬಗ್ಗೆ ಉಪನ್ಯಾಸ ಕೊಡುವ ಕರಪತ್ರದಲ್ಲಿಯೇ ಆ ಪದ ತಪ್ಪಾಗಿದ್ದರೆ ಕೇಳುವವರಿಗೆ ನಂಬಿಕೆ ಬರುವುದು ಹೇಗೆ?

ಪೂಜೆ ಮತ್ತು ಸಮಾರಂಭದ ಪದಗಳು

ಮಂದಿರದ ಪ್ರಕಟಣೆ ಬರೆಯುವವರಿಗೆ ಈ ಭಾಗ. 2022ರ ಅಕ್ಟೋಬರಿನಲ್ಲಿ ಜೆಬೆಲ್ ಅಲಿಯ ಹಿಂದೂ ಮಂದಿರವೂ 2024ರ ಫೆಬ್ರವರಿಯಲ್ಲಿ ಅಬುಧಾಬಿಯ ಬಿಎಪಿಎಸ್ ಮಂದಿರವೂ ತೆರೆದ ಮೇಲೆ ನಮ್ಮ ಮನೆಗಳಲ್ಲಿ ಪೂಜೆ-ಉತ್ಸವಗಳ ಮಾತು ಹೆಚ್ಚಿದೆ. ಅದರ ಜೊತೆಗೆ ಕನ್ನಡದ ಸಂದೇಶಗಳೂ ಹರಿದಾಡುತ್ತಿವೆ. ಈ ಕೆಳಗಿನ ಪದಗಳನ್ನು ಒಮ್ಮೆ ನೋಡಿಟ್ಟುಕೊಂಡರೆ ಸಾಕು.

ಷಷ್ಠಿ – ಷಷ್ಟಿ: ಷಷ್ಠಿ ಎಂದರೆ ಆರನೆಯ ತಿಥಿ. ಷಷ್ಟಿ ಎಂದರೆ ಅರುವತ್ತು. ಆದ್ದರಿಂದ ಸುಬ್ರಹ್ಮಣ್ಯನಿಗೆ ‘ಷಷ್ಠಿ’, ಅರುವತ್ತು ತುಂಬಿದ ಅಪ್ಪನಿಗೆ ‘ಷಷ್ಟಿಪೂರ್ತಿ’. ಒಂದು ಚಿಕ್ಕ ಚುಕ್ಕೆಯಷ್ಟು ವ್ಯತ್ಯಾಸ, ಆದರೆ ನಡುವೆ ಐವತ್ತನಾಲ್ಕರ ಅಂತರ!

ಆವಾಹನ – ಆಹ್ವಾನ: ಪೂಜೆಯಲ್ಲಿ ಕಲಶಕ್ಕೆ ದೇವರನ್ನು ಬರಮಾಡಿಕೊಳ್ಳುವುದು ಆವಾಹನ. ಬಂಧುಗಳನ್ನು ಊಟಕ್ಕೆ ಕರೆಯುವುದು ಆಹ್ವಾನ. ‘ಆವ್ಹಾನ’ ಎಂಬ ಪದ ಇಲ್ಲ.

ಕೃತಜ್ಞತೆ – ಕೃತಘ್ನತೆ: ಮಾಡಿದ ಉಪಕಾರವನ್ನು ನೆನೆಯುವುದು ಕೃತಜ್ಞತೆ. ಉಪಕಾರವನ್ನು ಮರೆಯುವುದು, ಅದಕ್ಕೆ ದ್ರೋಹ ಬಗೆಯುವುದು ಕೃತಘ್ನತೆ. ಪ್ರಾಯೋಜಕರಿಗೆ ಯಾವುದನ್ನು ಅರ್ಪಿಸುತ್ತಿದ್ದೇವೆ ಎಂದು ಎರಡು ಸಲ ನೋಡುವುದು ಒಳ್ಳೆಯದು.

ಶುಭಾಶಯ: ಶುಭ + ಆಶಯ. ಒಳ್ಳೆಯ ಆಶಯ. ‘ಶುಭಾಷಯ’ ತಪ್ಪು.

ಆಶೀರ್ವಾದ: ಶೀ ದೀರ್ಘ. ‘ಆಶಿರ್ವಾದ’ ತಪ್ಪು.

ದಕ್ಷಿಣೆ, ಪ್ರದಕ್ಷಿಣೆ: ಎರಡರಲ್ಲೂ ‘ಕ್ಷಿ’ ಇದೆ. ‘ದಕ್ಷಣೆ’ ಅಲ್ಲ.

ಷೋಡಶೋಪಚಾರ: ಮೊದಲು ಷ, ನಂತರ ಶ. ‘ಶೋಡಷ’ ಎಂದು ತಿರುಗಿಸಬಾರದು.

ಪಂಚಾಮೃತ, ಕೃಷ್ಣ, ಹೃದಯ, ಪ್ರಕೃತಿ: ಇವೆಲ್ಲವೂ ಋಕಾರದ ಪದಗಳು. ಬಾಯಲ್ಲಿ ‘ಕ್ರಿ’, ‘ಮ್ರು’ ಎಂದು ಕೇಳಿದರೂ ಬರೆಯುವುದು ಕೃ, ಮೃ.

ಹಕಾರದ ಒತ್ತಕ್ಷರಗಳಲ್ಲಿ ಕಿವಿಗೂ ಕೈಗೂ ಜಗಳ. ನಾವು ಹೇಳುವಾಗ ‘ಬ್ರಮ್ಹ’, ‘ಚಿನ್ಹೆ’, ‘ಮಧ್ಯಾನ್ಹ’ ಎಂದು ಕೇಳುತ್ತದೆ. ಬರೆಯುವಾಗ ಮಾತ್ರ ಹ ಮೇಲೆ, ಒತ್ತು ಕೆಳಗೆ: ಬ್ರಹ್ಮ, ಚಿಹ್ನೆ, ಮಧ್ಯಾಹ್ನ, ಆಹ್ವಾನ, ಪ್ರಹ್ಲಾದ. ಇಲ್ಲಿ ಹಕಾರವೇ ಹಿರಿಯಣ್ಣ, ಮೊದಲ ಸ್ಥಾನ ಅವನಿಗೇ ಎಂದು ಮಕ್ಕಳಿಗೆ ಹೇಳಿಕೊಟ್ಟರೆ ಮರೆಯುವುದಿಲ್ಲ.

ಇನ್ನು ಹಕಾರವನ್ನು ಬಿಡುವುದು, ಬೇಡದಲ್ಲಿ ಸೇರಿಸುವುದು. ‘ಹಕ್ಕಿ’ ‘ಅಕ್ಕಿ’ಯಾದರೆ ನಗಬಹುದು. ‘ಆದರದ ಸ್ವಾಗತ’ದ ಮೊದಲ ಅಕ್ಷರಕ್ಕೆ ಹಕಾರ ಸೇರಿದರೆ ಏನಾಗುತ್ತದೆಂದು ದೊಡ್ಡವರಿಗೆ ಗೊತ್ತಿದೆ, ದೇವಸ್ಥಾನದ ಪತ್ರಿಕೆಯಲ್ಲಿ ಅದರ ವಿವರಣೆ ಬೇಡ.

ಸಂಧಿ ತಪ್ಪಿದಾಗ

ಎರಡು ಪದಗಳು ಕೂಡುವಾಗ ನಡುವೆ ಏನಾಗುತ್ತದೆ ಎಂಬುದೇ ಸಂಧಿ. ಅ ಮತ್ತು ಉ ಕೂಡಿದರೆ ಓ ಆಗುತ್ತದೆ: ರಥ + ಉತ್ಸವ = ರಥೋತ್ಸವ, ದೀಪ + ಉತ್ಸವ = ದೀಪೋತ್ಸವ, ರಾಜ್ಯ + ಉತ್ಸವ = ರಾಜ್ಯೋತ್ಸವ. 1956ರ ನವೆಂಬರ್ 1ರಂದು ಕನ್ನಡ ನಾಡುಗಳು ಒಂದಾದ ದಿನವನ್ನು ನಾವು ಇಲ್ಲಿಯೂ ಸಂಭ್ರಮದಿಂದ ಆಚರಿಸುವುದರಿಂದ ಈ ಪದ ಎಲ್ಲರ ಬಾಯಲ್ಲೂ ಇದೆ. ತೊಂದರೆ ಏನೆಂದರೆ ಇದೇ ರಾಗದಲ್ಲಿ ‘ಜಯಂತ್ಯೋತ್ಸವ’ ಎಂದೂ ಬರೆಯುತ್ತೇವೆ. ಜಯಂತಿಯ ಕೊನೆಯಲ್ಲಿರುವುದು ಅ ಅಲ್ಲ, ಇ. ಇ ಮುಂದೆ ಬೇರೆ ಸ್ವರ ಬಂದರೆ ಯ್ ಬರುತ್ತದೆ, ಆ ಸ್ವರ ಹಾಗೆಯೇ ಉಳಿಯುತ್ತದೆ: ಜಯಂತಿ + ಉತ್ಸವ = ಜಯಂತ್ಯುತ್ಸವ. ಅತಿ + ಉತ್ತಮ = ಅತ್ಯುತ್ತಮ ಎನ್ನುತ್ತೇವಲ್ಲ, ಹಾಗೆಯೇ.

ಇದೇ ನಿಯಮದಿಂದ ಕೋಟಿ + ಅಂತರ = ಕೋಟ್ಯಂತರ, ಜಾತಿ + ಅತೀತ = ಜಾತ್ಯತೀತ. ‘ಲಕ್ಷಾಂತರ’ದಲ್ಲಿ ದೀರ್ಘ ಇದೆಯೆಂದು ‘ಕೋಟ್ಯಾಂತರ’ ಎಂದು ಎಳೆಯಬೇಕಾಗಿಲ್ಲ. ಲಕ್ಷದ ಕೊನೆಯಲ್ಲಿ ಅ ಇದೆ, ಕೋಟಿಯ ಕೊನೆಯಲ್ಲಿ ಇ ಇದೆ.

ವಿಮಾನ ನಿಲ್ದಾಣದ ಪದವೊಂದು: ‘ಅಂತರಾಷ್ಟ್ರೀಯ’ ಎಂದು ಎಷ್ಟೋ ಕಡೆ ಕಾಣುತ್ತದೆ. ಅಂತರ್ + ರಾಷ್ಟ್ರೀಯ ಕೂಡುವಾಗ ಎರಡು ರಕಾರಗಳಲ್ಲಿ ಒಂದು ಬಿದ್ದುಹೋಗಿ ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ. ಆದ್ದರಿಂದ ‘ಅಂತಾರಾಷ್ಟ್ರೀಯ’. ನಿರ್ + ರೋಗ ಕೂಡಿ ‘ನೀರೋಗ’ ಆಗುವುದೂ ಇದೇ ರೀತಿ. ‘ಅಂತರರಾಷ್ಟ್ರೀಯ’ ಎಂಬ ರೂಪವೂ ಬಳಕೆಯಲ್ಲಿದೆ.

ಮಕ್ಕಳ ಮಾತಿನ ತಪ್ಪುಗಳು

ಇಲ್ಲಿ ಬೆಳೆಯುವ ಮಕ್ಕಳು ಮಾಡುವ ತಪ್ಪುಗಳು ಬೇರೆ ಬಗೆಯವು. ಅವರು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳುತ್ತಾರೆ. ಕಾರಣ ತಿಳಿದರೆ ತಿದ್ದುವುದು ಸುಲಭ.

‘ನಾನು ಹಸಿವಾಗಿದ್ದೇನೆ’ – ಕನ್ನಡದಲ್ಲಿ ಹಸಿವು, ಬಾಯಾರಿಕೆ, ನಿದ್ದೆ, ಇಷ್ಟ ಇವೆಲ್ಲ ನಮ್ಮ ಬಳಿಗೆ ಬರುತ್ತವೆ. ‘ನನಗೆ ಹಸಿವಾಗಿದೆ’, ‘ನನಗೆ ದೋಸೆ ಇಷ್ಟ’, ‘ನನಗೆ ಕನ್ನಡ ಬರುತ್ತದೆ.’

‘ನನಗೆ ಎರಡು ತಮ್ಮ’ – ವಸ್ತುಗಳಿಗೆ ಎರಡು, ಮೂರು, ನಾಲ್ಕು. ಮನುಷ್ಯರಿಗೆ ಇಬ್ಬರು, ಮೂವರು, ನಾಲ್ವರು, ಐವರು. ‘ನನಗೆ ಇಬ್ಬರು ತಮ್ಮಂದಿರು.’

‘ಅವನು ನನ್ನ ಅಣ್ಣ ಇಲ್ಲ’ – ಇಂಗ್ಲಿಷಿನ ಒಂದೇ ನಿಷೇಧಕ್ಕೆ ನಮ್ಮಲ್ಲಿ ಎರಡು ಪದ. ಒಂದು ವಸ್ತು ಅಥವಾ ವ್ಯಕ್ತಿ ಇರುವುದಿಲ್ಲ ಎನ್ನಲು ‘ಇಲ್ಲ’, ಅದು ಬೇರೆ ಎನ್ನಲು ‘ಅಲ್ಲ’. ‘ಅಣ್ಣ ಮನೆಯಲ್ಲಿ ಇಲ್ಲ.’ ‘ಅವನು ನನ್ನ ಅಣ್ಣ ಅಲ್ಲ.’

‘ಸ್ನಾನ ತೆಗೆದುಕೊಂಡೆ’ – ಸ್ನಾನವನ್ನು ನಾವು ಮಾಡುತ್ತೇವೆ.

ಇವುಗಳ ಜೊತೆಗೆ ಲ–ಳ, ನ–ಣ. ಇದನ್ನು ಆಟವಾಗಿ ಕಲಿಸಬಹುದು. ಹುಲಿ ಕಾಡಿನಲ್ಲಿ, ಹುಳಿ ಸಾರಿನಲ್ಲಿ. ಹಲ್ಲಿ ಗೋಡೆಯ ಮೇಲೆ, ಹಳ್ಳಿ ಊರ ಹೊರಗೆ. ಬೆಲೆ ಅಂಗಡಿಯಲ್ಲಿ, ಬೆಳೆ ಹೊಲದಲ್ಲಿ, ಬೇಳೆ ಡಬ್ಬಿಯಲ್ಲಿ. ಮನೆಯೊಳಗೆ ಮಣೆ. ಬಟ್ಟೆಯ ಮೇಲಿನ ‘ಕೊಳೆ’ಯನ್ನು ‘ಕೊಲೆ’ ಎಂದರೆ ಪೊಲೀಸರು ಬರಬೇಕಾದೀತು. ಊಟಕ್ಕೆ ಕುಳಿತಾಗ ದಿನಕ್ಕೊಂದು ಜೋಡಿ ಹೇಳಿದರೆ ತಿಂಗಳಲ್ಲಿ ಮುವತ್ತು ಜೋಡಿ ಬಂದಂತಾಯಿತು.

ತಪ್ಪಲ್ಲದ ತಪ್ಪುಗಳು

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮಗಿಂತ ಬೇರೆಯಾಗಿ ಮಾತಾಡುವುದೆಲ್ಲ ತಪ್ಪಲ್ಲ. ಈ ಮರಳು ನಾಡಿನಲ್ಲಿ ಸೇರಿರುವ ಕನ್ನಡಿಗರಲ್ಲಿ ಮನೆಯಲ್ಲಿ ತುಳು, ಕೊಂಕಣಿ ಮಾತಾಡುವ ಕರಾವಳಿಯವರಿದ್ದಾರೆ, ಧಾರವಾಡದವರಿದ್ದಾರೆ, ಕಲಬುರಗಿಯವರಿದ್ದಾರೆ, ಮೈಸೂರಿನವರಿದ್ದಾರೆ, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನವರೂ ಇದ್ದಾರೆ. ಮಂಗಳೂರಿನವರ ‘ಎಂತ?’, ಧಾರವಾಡದವರ ‘ಹೌದ್ರೀ’, ಕುಂದಾಪುರದವರ ‘ಹೋಯ್’ ಯಾವುದೂ ತಪ್ಪಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರ ಮನೆಮಾತಿನಲ್ಲಿ ಹೆಂಗಸರನ್ನು ನಪುಂಸಕ ಲಿಂಗದಲ್ಲಿ ‘ಅದು ಬಂತು’ ಎಂದೇ ಹೇಳುತ್ತಾರೆ. ಅದರಲ್ಲಿ ಅಗೌರವವಿಲ್ಲ, ಆ ಮಾತಿನ ವ್ಯಾಕರಣವೇ ಹಾಗೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಕಾಲಕ್ಕೇ ಕನ್ನಡ ಹಲವು ಬಗೆಯದಾಗಿತ್ತು. ಮನೆಯ ಮಾತು ಮನೆಯದು. ಎಲ್ಲರೂ ಓದುವ ಪತ್ರಿಕೆಗೆ ಎಲ್ಲರಿಗೂ ಹೊಂದುವ ಬರವಣಿಗೆ. ಈ ಎರಡನ್ನು ಕಲಸಿಹಾಕಬಾರದು.

ಭಾಷೆ ನಿಂತ ನೀರೂ ಅಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ ಬರೆದಾಗ, ಹಳಗನ್ನಡದ ‘ೞ’ ಅಕ್ಷರ ಯಾವ ಯಾವ ಪದಗಳಲ್ಲಿ ಬರುತ್ತದೆ ಎಂದು ಪಟ್ಟಿಯನ್ನೇ ಕೊಟ್ಟ. ಜನರು ಅದನ್ನು ‘ಳ’ದೊಡನೆ ಬೆರೆಸತೊಡಗಿದ್ದರು. ಪಟ್ಟಿ ಉಳಿಯಿತು, ಅಕ್ಷರ ಬಳಕೆಯಿಂದ ಹೋಯಿತು. ನಮ್ಮ ಕಾಲದಲ್ಲಿ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು, ಕನ್ನಡಿಗರು ಸಾಮಾನ್ಯವಾಗಿ ಉಚ್ಚರಿಸದ ಮಹಾಪ್ರಾಣಗಳು ಬರವಣಿಗೆಯಲ್ಲಿಯೂ ಬೇಡ ಎಂದು ವಾದಿಸಿದವರು. ಅದು ವಿದ್ವಾಂಸರ ಚರ್ಚೆ. ಆದರೆ ತಿಳಿದು ಬಿಡುವುದು ಬೇರೆ, ತಿಳಿಯದೆ ಅರ್ಧ ಹಾಕಿ ಅರ್ಧ ಬಿಡುವುದು ಬೇರೆ. ‘ಸುಸ್ವಾಗತ’ದಲ್ಲಿ ‘ಸು’ ಎರಡು ಸಲ ಇದೆ (ಸು + ಆಗತ ಸೇರಿಯೇ ಸ್ವಾಗತ). ಆದರೂ ಬಳಕೆಯಲ್ಲಿ ನಿಂತುಬಿಟ್ಟಿದೆ, ಯಾರ ಅರ್ಥವೂ ಕೆಡುವುದಿಲ್ಲ. ಅದಕ್ಕಾಗಿ ಬ್ಯಾನರು ಹರಿಯಬೇಕಾಗಿಲ್ಲ.

ನಾವಿರುವ ಊರಿನ ಹೆಸರನ್ನೇ ನೋಡಿ. ‘ಅಬುಧಾಬಿ’ಯ ಧ ಬಂದದ್ದು ಇಂಗ್ಲಿಷಿನ ಕಾಗುಣಿತದಿಂದ. ಅರಬ್ಬಿಯ ಮೂಲ ಅಕ್ಷರ ನಮ್ಮ ದಕಾರವೂ ಅಲ್ಲ, ಧಕಾರವೂ ಅಲ್ಲ. ‘ಅಬುದಾಬಿ’ ಎಂದು ಬರೆಯುವವರೂ ಇದ್ದಾರೆ. ಇಂಥಲ್ಲಿ ಜಗಳ ಬೇಡ. ಒಂದು ಪತ್ರಿಕೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ರೂಪ ಇದ್ದರೆ ಸಾಕು.

ಕಂಪ್ಯೂಟರಿನಿಂದ ಬರುವ ತಪ್ಪುಗಳು

ಕೆಲವು ತಪ್ಪುಗಳು ನಮ್ಮ ಕೀಲಿಮಣೆಯ ಕೊಡುಗೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಪದ್ಧತಿಯಲ್ಲಿ ಸಾಮಾನ್ಯವಾಗಿ ಶಿಫ್ಟ್ ಒತ್ತಿದರೆ ಣ, ಳ. ಮರೆತರೆ ನ, ಲ. ಮೊಬೈಲಿನಲ್ಲಾದರೆ ಫೋನು ಊಹಿಸಿ ತೋರಿಸುವ ಮೊದಲ ಪದವನ್ನೇ ಒತ್ತಿ ಕಳುಹಿಸುತ್ತೇವೆ. ಕಳುಹಿಸುವ ಮುನ್ನ ಒಮ್ಮೆ ಬಾಯಿಬಿಟ್ಟು ಓದಿದರೆ ಬಹಳಷ್ಟು ತಪ್ಪುಗಳು ಸಿಕ್ಕಿಬೀಳುತ್ತವೆ.

ಕಣ್ಣಿಗೆ ಕಾಣದ ಎರಡು ತಪ್ಪುಗಳಿವೆ. ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿ ‘ಕಾಯ೯ಕ್ರಮ’ ಎನ್ನುವುದು. ಅನುಸ್ವಾರದ ಬದಲು ಸೊನ್ನೆ ಅಂಕಿಯನ್ನು ಒತ್ತಿ ‘ಬೆ೦ಗಳೂರು’ ಎನ್ನುವುದು. ಕಾಗದದ ಮೇಲೆ ಎರಡೂ ಸರಿಯಾದಂತೆ ಕಾಣುತ್ತವೆ. ಆದರೆ ಕಂಪ್ಯೂಟರಿಗೆ ಅವು ಅಂಕಿಗಳು. ‘ಕಾರ್ಯಕ್ರಮ’ ಎಂದು ಹುಡುಕಿದರೆ ಆ ಪುಟ ಸಿಗುವುದಿಲ್ಲ. ಕುರುಡರಿಗೆ ಓದಿ ಹೇಳುವ ತಂತ್ರಾಂಶವೂ ಅಲ್ಲಿ ತಡವರಿಸುತ್ತದೆ. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲೇ ಒತ್ತಬೇಕು: ‘ಕಾರ್ಯ’ಕ್ಕೆ ಕಾ, ನಂತರ ರ್, ನಂತರ ಯ. ಗುರುತನ್ನು ಯಕಾರದ ಪಕ್ಕಕ್ಕೆ ತಂದು ಕೂರಿಸುವ ಕೆಲಸ ಕಂಪ್ಯೂಟರಿನದು.

ಇನ್ನು ಇಲ್ಲಿನ ಮುದ್ರಣದ ಅಂಗಡಿಗಳಲ್ಲಿ ಕನ್ನಡ ಓದಬಲ್ಲವರು ಇರುವುದು ಅಪರೂಪ. ಚಿತ್ರವಿನ್ಯಾಸದ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಕೆಳಗೆ ಕೂರದೆ ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತವೆ. ಆದ್ದರಿಂದ ಬರಹವನ್ನು ಫಾಂಟ್ ಸಮೇತ ಪಿಡಿಎಫ್ ಮಾಡಿ ಕೊಡಿ; ಅಚ್ಚಿಗೆ ಹೋಗುವ ಮೊದಲು ಕೊನೆಯ ಪ್ರತಿಯನ್ನು ತರಿಸಿಕೊಂಡು ಇಬ್ಬರು ಓದಿ. ಬರೆದವರ ಕಣ್ಣಿಗೆ ತಮ್ಮ ತಪ್ಪು ಬೇಗ ಕಾಣುವುದಿಲ್ಲ, ಎರಡನೆಯವರು ಬೇಕು.

ತಿದ್ದುವುದು ಹೇಗೆ?

ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ಪ್ರಜಾವಾಣಿಯಲ್ಲಿ 1991ರಿಂದ ‘ಇಗೋ ಕನ್ನಡ’ ಅಂಕಣ ಬರೆದರು. ಯಾವ ಪದ ಸರಿ, ಯಾವುದು ತಪ್ಪು ಎಂದು ಓದುಗರು ಕೇಳುತ್ತಿದ್ದರು. ಅವರು ಕಾರಣ ಕೊಟ್ಟು ಉತ್ತರಿಸುತ್ತಿದ್ದರು. ಅಷ್ಟು ದೊಡ್ಡ ವಿದ್ವಾಂಸರು ಕೇಳಿದವರನ್ನು ಹಂಗಿಸದೆ ಕಲಿಸಿದರು. ನಮಗೂ ಅದೇ ಮಾದರಿ.

ದೊಡ್ಡವರ ತಪ್ಪನ್ನು ಅಚ್ಚಾಗುವ ಮೊದಲು, ಪಕ್ಕಕ್ಕೆ ಕರೆದು ಹೇಳೋಣ. ಬ್ಯಾನರು ಏರಿದ ಮೇಲೆ ಫೋಟೋ ತೆಗೆದು ಹಂಚಿ ನಗುವುದರಿಂದ ಕನ್ನಡ ಉದ್ಧಾರವಾಗುವುದಿಲ್ಲ. ಮುಂದಿನ ಸಲ ಆ ಕಾರ್ಯಕರ್ತರು ಇಂಗ್ಲಿಷಿನಲ್ಲೇ ಬರೆಸುತ್ತಾರೆ.

ಮಕ್ಕಳ ವಿಷಯದಲ್ಲಿ ಇನ್ನಷ್ಟು ಜೋಪಾನ ಬೇಕು. 2014ರಿಂದ ದುಬೈಯಲ್ಲಿ ಕನ್ನಡ ಮಿತ್ರರು ಬಳಗದ ಕನ್ನಡ ಪಾಠಶಾಲೆ ನಡೆಯುತ್ತಿದೆ. ರಜೆಯ ದಿನ ನಿದ್ದೆ ಬಿಟ್ಟು ಮಕ್ಕಳು ಅಕ್ಷರ ಕಲಿಯುತ್ತಾರೆ. ಅಂಥ ಮಗು ಊರಿಗೆ ಹೋದಾಗ ‘ಎರಡು ತಮ್ಮ’ ಎಂದಿತೆಂದು ನೆಂಟರೆಲ್ಲ ನಕ್ಕರೆ, ಮರುದಿನದಿಂದ ಅದು ಇಂಗ್ಲಿಷಿನಲ್ಲಿ ಉತ್ತರಿಸತೊಡಗುತ್ತದೆ. ಅಲ್ಲಿಗೆ ಅಜ್ಜಿ-ಮೊಮ್ಮಕ್ಕಳ ನಡುವಿನ ಮಾತು ನಿಂತಂತೆಯೇ. ತಪ್ಪು ಕನ್ನಡವನ್ನು ತಿದ್ದಬಹುದು, ಆಡದ ಕನ್ನಡವನ್ನು ತಿದ್ದಲು ಸಾಧ್ಯವಿಲ್ಲ. ಮಗು ‘ನನಗೆ ಎರಡು ತಮ್ಮ’ ಎಂದರೆ ‘ಹೌದಾ, ಇಬ್ಬರು ತಮ್ಮಂದಿರಾ? ಹೆಸರೇನು?’ ಎಂದು ಸರಿಯಾದ ರೂಪವನ್ನು ನಮ್ಮ ಮಾತಿನಲ್ಲಿ ಸೇರಿಸಿ ಮುಂದುವರಿಸೋಣ. ಕಿವಿ ಕಲಿಯುತ್ತದೆ, ಮನಸ್ಸು ಮುದುಡುವುದಿಲ್ಲ. ನಮ್ಮ ಕಿರಿಕಿರಿಯನ್ನೆಲ್ಲ ದೊಡ್ಡವರು ಅಚ್ಚು ಹಾಕಿಸುವ ಕಾಗದಕ್ಕೆ ಮೀಸಲಿಡೋಣ, ಮಕ್ಕಳ ನಾಲಿಗೆಗೆ ಬೇಡ.

ಅಭ್ಯಾಸ

ಈ ಕೆಳಗಿನ ಆಮಂತ್ರಣದಲ್ಲಿ ತಿದ್ದಬೇಕಾದ ಹತ್ತು ಜಾಗಗಳಿವೆ. ಉತ್ತರ ನೋಡುವ ಮೊದಲು ಮಕ್ಕಳೊಂದಿಗೆ ಕುಳಿತು ಹುಡುಕಿ.

“ಮಾನ್ಯರೇ, ನಮ್ಮ ಹೊಸ ಮನೆಯ ಗ್ರಹಪ್ರವೇಶಕ್ಕೆ ತಮಗೆ ಹಾರ್ಧಿಕ ಆವ್ಹಾನ. ಮುಂಜಾನೆ ಗಣಹೋಮ. ಮದ್ಯಾನ್ಹ ಪೂಜೆ, ನೈವೇಧ್ಯ, ಬಳಿಕ ಪ್ರಸಾಧ ವಿತರಣೆ. ತಾವು ಸಕುಟುಂಬ ಸಮೇತರಾಗಿ ಬಂದು ಆಶಿರ್ವದಿಸಬೇಕಾಗಿ ವಿನಂತಿ. ತಮ್ಮ ಶುಭಾಷಯಗಳೇ ನಮಗೆ ಉಡುಗೊರೆ. ಕೃತಘ್ನತೆಗಳೊಂದಿಗೆ, ತಮ್ಮ ವಿಶ್ವಾಸಿಗಳು.”

ಉತ್ತರ: 1. ಗೃಹಪ್ರವೇಶ. 2. ಹಾರ್ದಿಕ. 3. ಆಹ್ವಾನ. 4. ಮಧ್ಯಾಹ್ನ (ಒಂದೇ ಪದದಲ್ಲಿ ಎರಡು ತಪ್ಪು!). 5. ನೈವೇದ್ಯ. 6. ಪ್ರಸಾದ. 7. ಸಕುಟುಂಬರಾಗಿ, ಅಥವಾ ಕುಟುಂಬ ಸಮೇತರಾಗಿ – ‘ಸ’ ಎಂದರೂ ‘ಸಮೇತ’ ಎಂದರೂ ‘ಕೂಡಿ’ ಎಂದೇ ಅರ್ಥ, ಎರಡೂ ಬೇಡ. 8. ಆಶೀರ್ವದಿಸಬೇಕಾಗಿ. 9. ಶುಭಾಶಯ. 10. ಕೃತಜ್ಞತೆ.

ಎಂಟಕ್ಕಿಂತ ಹೆಚ್ಚು ಕಂಡುಹಿಡಿದ ಮಕ್ಕಳಿದ್ದರೆ, ಮನೆಯ ಮುಂದಿನ ಆಮಂತ್ರಣ ಪತ್ರಿಕೆಯ ಕರಡು ತಿದ್ದುವ ಕೆಲಸವನ್ನು ಅವರಿಗೇ ಒಪ್ಪಿಸಿ.